ಕುಂಭಸ್ಥಳ ನೋಡಲು ಬನ್ನೇರುಘಟ್ಟಕ್ಕೆ

ಮೆಜೆಸ್ಟಿಕ್‌ನಿಂದ ಬನ್ನೇರುಘಟ್ಟಕ್ಕೆ ಹೊರಟ 365ರ ಬಸ್ಸಿನಲ್ಲಿ ಚಿಕ್ಕಪ್ಪ ಹುಲಿ, ಸಿಂಹದ ಮಾತೇ ಎತ್ತಲಿಲ್ಲ. ಅವರಿಗೆ ನೋಡಬೇಕಿದ್ದುದು ಆನೆಯ ತಲೆ. ಲಂಡನ್ನಿನಲ್ಲಿರುವ ಮಗಳ ಮನೆಗೆ ನನ್ನ ಜತೆ ಹೋಗಿಬಂದಾಗಿನಿಂದ ಅವರಿಗೆ ಅದೇ ಧ್ಯಾನ.

ಅಲ್ಲಿನ ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಜನವೆಲ್ಲ ಡೈನೊಸಾರ್‌ಗಳ ಕಡೆ ನುಗ್ಗುತ್ತಿದ್ದರೆ, ಇವರು ಇಲ್‌ಫರ್ಡ್ ಮ್ಯಾಮತ್‌ನ, ಅಂದರೆ ಆನೆಯ ಅಳಿದುಹೋದ ನೆಂಟನ, ತಲೆಬುರುಡೆಯ ಮುಂದೆ ನಿಂತುಬಿಟ್ಟಿದ್ದರು. 1864ರಲ್ಲಿ ಇಲ್‌ಫರ್ಡ್ ಎಂಬ ಊರಿನಲ್ಲಿ ಇಟ್ಟಿಗೆ ಮಣ್ಣಿಗಾಗಿ ಅಗೆಯುತ್ತಿದ್ದ ಗುಂಡಿಯಲ್ಲಿ ಸಿಕ್ಕಿದ್ದು. ಸುಮಾರು 2 ಲಕ್ಷ ವರ್ಷ ಹಳೆಯದು. ಬ್ರಿಟನ್ನಿನಲ್ಲಿ ಇಷ್ಟು ಸಂಪೂರ್ಣವಾದ ಮ್ಯಾಮತ್ ಬುರುಡೆ ಮತ್ತೊಂದು ಸಿಕ್ಕಿಲ್ಲ. ಈಗ ಆ ಇಲ್‌ಫರ್ಡ್ ಲಂಡನ್ನಿಗೇ ಸೇರಿಹೋಗಿದೆ, ಸೀರೆ ಅಂಗಡಿ, ಮಿಠಾಯಿ ಅಂಗಡಿಗಳ ಊರು! ಮ್ಯಾಮತ್ ಎಂದೊಡನೆ ಉಣ್ಣೆ ಹೊದ್ದ ಆನೆಯ ಚಿತ್ರ ಕಣ್ಣಿಗೆ ಕಟ್ಟುತ್ತದೆಯಲ್ಲ, ಇದು ಆ ಜಾತಿಯದಲ್ಲ. ಅದಕ್ಕಿಂತ ಹಿಂದಿನ ಸ್ಟೆಪ್ಪಿ ಮ್ಯಾಮತ್ ಕುಲದ್ದು.

ಮುಖದ ನಟ್ಟನಡುವೆ ದೊಡ್ಡ ತೂತು. ಒಕ್ಕಣ್ಣಿನ ರಾಕ್ಷಸ ಎಂದು ಯಾರಾದರೂ ಹೆದರಿದ್ದರೆ ತಪ್ಪೇನಿಲ್ಲ. ಅದು ಮೂಗಿನ ದಾರಿ. ಸೊಂಡಿಲಿನಲ್ಲಿ ಮೂಳೆಯೇ ಇಲ್ಲವಾದ್ದರಿಂದ ಅದರ ಗುರುತು ಈ ತೂತಿನಲ್ಲಷ್ಟೇ ಉಳಿದಿದೆ. ಕಣ್ಣಿನ ಗೂಡುಗಳು ಪಕ್ಕದಲ್ಲಿ ಎಲ್ಲೋ ಅಡಗಿಕೊಂಡಿವೆ. ದಂತಗಳು ಕೆಳಗಿಳಿದು, ಹೊರಕ್ಕೆ ಸರಿದು, ಮತ್ತೆ ಒಳಕ್ಕೆ ತಿರುಗಿವೆ. ಅಷ್ಟೆಲ್ಲ ಭಾರ ಹೊತ್ತ ತಲೆಯ ಮೂಳೆ ಗಟ್ಟಿ ಬಂಡೆಯಂತಿರಬೇಕು ಎಂದುಕೊಂಡರೆ, ಆನೆಯ ವಂಶದ ಬುರುಡೆಯೊಳಗೆಲ್ಲ ಜೇನುಗೂಡಿನಂತೆ ಗಾಳಿಗೂಡುಗಳು! ಇಲ್ಲದಿದ್ದರೆ ಕತ್ತು ಎತ್ತುವುದೇ ಕಷ್ಟವಾಗುತ್ತಿತ್ತು.

ಬನ್ನೇರುಘಟ್ಟದಲ್ಲಿ ಆನೆಯೊಂದು ರಾಗಿಮುದ್ದೆಗೆ ತಲೆ ತಗ್ಗಿಸಿದ್ದೇ ತಡ, ಚಿಕ್ಕಪ್ಪ ನನ್ನ ತೋಳು ಹಿಡಿದೆಳೆದರು. “ನೋಡು, ಎರಡು ಕುಂಭ, ನಡುವೆ ತಗ್ಗು. ಅದಕ್ಕೆ ಒಂದೇ ಶಿಖರ ಇತ್ತು.” ಏಷ್ಯಾದ ಆನೆಗೂ ಮ್ಯಾಮತ್‌ಗೂ ಮೇಲ್ನೋಟಕ್ಕೇ ಕಾಣುವ ವ್ಯತ್ಯಾಸ ಇದು. ಆದರೂ ಡಿಎನ್‌ಎ ಲೆಕ್ಕದಲ್ಲಿ ಮ್ಯಾಮತ್‌ಗೆ ಹತ್ತಿರದ ನೆಂಟ ಆಫ್ರಿಕಾದ ಆನೆಯಲ್ಲ, ನಮ್ಮದೇ. ಮುಂದೆ ನಿಂತಿದ್ದುದು ಹೆಣ್ಣಾನೆ, ದಂತವಿಲ್ಲ. ಮ್ಯಾಮತ್‌ಗಳಲ್ಲಿ ಹೆಣ್ಣಿಗೂ ದಂತವಿತ್ತು.

“ಹಲ್ಲು ಎಷ್ಟು ಸಲ ಬರುತ್ತದಪ್ಪ?” ಎಂದು ಚಿಕ್ಕಪ್ಪ ಮಾವುತನನ್ನು ಕೇಳಿದರು.

“ಆರು ಸಲ ಸ್ವಾಮಿ. ಆರನೆಯದು ಸವೆದರೆ ಮೇವು ಅಗಿಯುವುದಕ್ಕಾಗುವುದಿಲ್ಲ.”

ಮ್ಯಾಮತ್‌ಗೂ ಆರೇ ಸರದಿ. ಹಿಂದಿನಿಂದ ಹುಟ್ಟಿ ಮುಂದಕ್ಕೆ ಸರಿಯುವ, ಸಾಲು ಸಾಲು ಏಣುಗಳ ದವಡೆ ಹಲ್ಲು. ಇಷ್ಟು ಹೇಳಿದ ಮೇಲೆ ಚಿಕ್ಕಪ್ಪನಿಗೆ ಆನೆಯ ಬಾಯೊಳಗೆ ಇಣುಕುವ ಆಸೆ. ಮಾವುತ ನಕ್ಕು ಇನ್ನೊಂದು ಮುದ್ದೆ ಎತ್ತಿದ. ಸಫಾರಿ ಟಿಕೆಟ್ ನನ್ನ ಜೇಬಿನಲ್ಲೇ ಇತ್ತು. ಬಸ್ಸು ಹೊರಡುವ ಹೊತ್ತಾಯಿತು ಎಂದರೂ ಅವರು ಕಂಬಿಗೆ ಆತುಕೊಂಡು, “ನೀನು ಬೇಕಾದರೆ ಹೋಗಿ ಹುಲಿ ನೋಡಿಕೊಂಡು ಬಾ” ಎಂದರು.