ಐರಿನ್ ಎಂದರೆ ಏನರ್ಥ?

ಹೆಸರು ಹೇಳಿದ ಕೂಡಲೇ ಎರಡು ಪ್ರಶ್ನೆ ಬರುತ್ತವೆ: ‘ಐರಿನ್ ಎಂದರೆ ಏನರ್ಥ? ಅದು ಇಂಗ್ಲಿಷ್ ಹೆಸರಲ್ಲವೇ?’ ಬ್ಯಾಂಕಿನಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಅರ್ಧಂಬರ್ಧ ಕೊಡುತ್ತ ಬಂದ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಇದು ಬಳಕೆಯಲ್ಲಿರುವ ಹೆಸರು. ಇಂಗ್ಲಿಷ್ ಉಚ್ಚಾರಣೆಯಲ್ಲಿ ರೂಢಿಯಾಗಿದ್ದರೂ ಅದರ ತವರು ಗ್ರೀಸ್. ಈಗಿನ ಗ್ರೀಕರು ‘ಇರೀನಿ’ ಎನ್ನುತ್ತಾರೆ, ರಷ್ಯನ್ನರು ಇರೀನಾ, ಪೋಲೆಂಡಿನವರು ಇರೇನಾ. ಅರ್ಥ ಶಾಂತಿ. ಪ್ರಾಚೀನ ಗ್ರೀಕರಿಗೆ ಅದು ಮೊದಲಿಗೆ ಯುದ್ಧ ನಿಂತ ಕಾಲ, ಹೊಲ ಬಿತ್ತಿ ಬೆಳೆ ಮನೆಗೆ ತರಬಹುದಾದ ಕಾಲ. ಅದಕ್ಕೇ ಶಿಲ್ಪಿ ಕೆಫಿಸೊಡೊಟಸ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅಥೆನ್ಸ್‌ಗಾಗಿ ಮಾಡಿದ ಶಾಂತಿದೇವತೆಯ ತೋಳಿನಲ್ಲಿ ಒಂದು ಕೂಸಿದೆ: ಸಂಪತ್ತಿನ ದೇವರು ಪ್ಲೂಟೊಸ್. ಮೂಲ ಕಂಚಿನ ಮೂರ್ತಿ ಉಳಿದಿಲ್ಲ. ರೋಮನ್ನರ ಕಾಲದ ಅಮೃತಶಿಲೆಯ ಪ್ರತಿಯೊಂದು ಮ್ಯೂನಿಕ್‌ನಲ್ಲಿದೆ. ತಾಯಿಯಂತೆ ಅವಳು ಮಗುವಿನ ಕಡೆ ಬಾಗಿ ನೋಡುತ್ತಾಳೆ, ಮಗು ಅವಳ ಮುಖದತ್ತ ಕೈ ಚಾಚುತ್ತದೆ. ನನ್ನ ಹೆಸರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಬೈಜಾಂಟಿಯಂ ಸಾಮ್ರಾಜ್ಯ, ಅಂದರೆ ಇಂದಿನ ಇಸ್ತಾಂಬುಲ್ ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯ, ಈ ಹೆಸರನ್ನು ಬಳಸಿಕೊಂಡ ರೀತಿ. ಪರದೇಶದಿಂದ ಬಂದ ಎಷ್ಟೋ ರಾಜಕುಮಾರಿಯರಿಗೆ ಅಲ್ಲಿ ಹೊಸದಾಗಿ ಇಟ್ಟ ಹೆಸರು ಇದೇ. 8ನೇ ಶತಮಾನದಲ್ಲಿ ಕ್ಯಾಸ್ಪಿಯನ್ ಸಮುದ್ರದ ಕಡೆಯ ಖಜಾರ್ ಜನರ ದೊರೆಯ ಮಗಳು ಚಿಚಕ್ ಐರಿನ್ ಆದಳು. 12ನೇ ಶತಮಾನದಲ್ಲಿ ಹಂಗೇರಿಯ ಪಿರೋಷ್ಕಾ, ಜರ್ಮನಿಯ ಬರ್ತಾ ಕೂಡ ಐರಿನ್ ಆದರು. ಎರಡು ರಾಜ್ಯಗಳ ಸ್ನೇಹಕ್ಕಾಗಿ ನಡೆದ ಮದುವೆಯಲ್ಲಿ ಮದುಮಗಳಿಗೇ ಶಾಂತಿ ಎಂದು ಹೆಸರಿಟ್ಟರೆ ಎಷ್ಟು ದೊಡ್ಡ ಭಾರವನ್ನು ಅವಳ ತಲೆಯ ಮೇಲೆ ಹೊರಿಸಿದಂತೆ! ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ ನಮ್ಮ ಕಡೆಯ ಕೆಲವು ಮನೆಗಳಲ್ಲೂ ಇತ್ತು. ಆ ಅಜ್ಜಿಯರಿಗೆ ಪಿರೋಷ್ಕಾಳ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಚರ್ಚ್ ಆಗಿದ್ದ ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ ಮೇಲಂತಸ್ತಿನಲ್ಲಿ ಅವಳ ಮೊಸಾಯಿಕ್ ಚಿತ್ರವಿದೆ. ಬಿಳಿಚಿದ ಮುಖ, ಮುಂದಕ್ಕೆ ಇಳಿಬಿಟ್ಟ ಎರಡು ಉದ್ದನೆಯ ಕೆಂಗೂದಲ ಜಡೆ. ತವರಿನ ಚಹರೆ ಹಾಗೇ ಇದೆ. ಪಕ್ಕದಲ್ಲಿ ಬರೆದಿರುವ ಹೆಸರು ಮಾತ್ರ ಐರಿನ್.

ಹುಟ್ಟಿನಿಂದಲೇ ಈ ಹೆಸರಿದ್ದವಳು ಬೈಜಾಂಟಿಯಂನ ಸಾಮ್ರಾಜ್ಞಿ, ಅಥೆನ್ಸ್‌ನ ಐರಿನ್. 787ರಲ್ಲಿ ನೈಸೀಯ ಪಟ್ಟಣದಲ್ಲಿ ಕ್ರೈಸ್ತ ಧರ್ಮಗುರುಗಳ ಎರಡನೇ ಧರ್ಮಸಭೆ ಕರೆಸಿ ಪವಿತ್ರ ಚಿತ್ರಗಳ ವಂದನೆಗೆ ಮತ್ತೆ ಮಾನ್ಯತೆ ಕೊಡಿಸಿದವಳು. 797ರಲ್ಲಿ ಸ್ವಂತ ಮಗನ ಕಣ್ಣು ಕೀಳಿಸಿ 802ರವರೆಗೆ ಒಬ್ಬಳೇ ಆಳಿದವಳೂ ಅವಳೇ. ಅವಳ ಸಾಮರ್ಥ್ಯವನ್ನು ಒಪ್ಪುತ್ತೇನೆ, ಆ ಕೃತ್ಯವನ್ನು ಕ್ಷಮಿಸಲಾರೆ. ಕೃತಕ ವಿಕಿರಣಶೀಲತೆಯ ಶೋಧಕ್ಕೆ 1935ರಲ್ಲಿ ಗಂಡನೊಂದಿಗೆ ನೊಬೆಲ್ ಪಡೆದ ಐರೀನ್ ಜೋಲಿಯೋ-ಕ್ಯೂರಿಯ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇನೆ.

ಹೆಸರು ಊರಿಗೂ ಅಂಟಿದೆ. ಪ್ರವಾಸಿಗರು ಮುಗಿಬೀಳುವ ಸ್ಯಾಂಟೊರಿನಿ ದ್ವೀಪದ ಹೆಸರು ಸಂತ ಐರಿನ್‌ಳಿಂದ ಬಂದದ್ದು: ಸಾಂತಾ ಇರೀನಿ.

ಮಗಳಿಗೆ ಈ ಹೆಸರಿಡಬಹುದೇ ಎಂದು ಕೇಳುವವರೂ ಇದ್ದಾರೆ. ಸಂತೋಷವಾಗಿ ಇಡಿ. ಗ್ರೀಸಿನಲ್ಲಿ ಮೇ 5 ಈ ಹೆಸರಿನವರ ಹಬ್ಬ. ಅಂದು ನಿಮ್ಮ ಮಗಳಿಗೂ ಶುಭಾಶಯ ಹೇಳಬಹುದು.