ಬೋರ್ಡೋ ಬಕೆಟ್ಟಿನ ಮುಂದೆ ಮಾತು ಕಲಿತದ್ದು

ತೋಟಗಾರಿಕೆ ವಿಸ್ತರಣೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ನನ್ನ ಭಾಷಣಕ್ಕೆ 46 ಸ್ಲೈಡುಗಳಿದ್ದವು. ಆ ರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಜೀವನಚಕ್ರಕ್ಕೇ ಒಂಬತ್ತು! ಶಿರಸಿ ಕಡೆಯ ಒಂದು ಹಳ್ಳಿಯಲ್ಲಿ ಅಷ್ಟನ್ನೂ ಮುಗಿಸಿ ಕೈ ತೊಳೆಯಲು ಹೋದರೆ ಗೋಡೆಯಾಚೆ ಇಬ್ಬರ ಮಾತು ಕೇಳಿಸಿತು.

'ಎಂತ ಹೇಳಿದ್ರು ಮಾರಾಯ?'

'ಎಂತದೋ ಫೈಟೋ ಅಂದ್ರು. ಕೇಸರಿಬಾತ್ ಚೊಲೋ ಇತ್ತು.'

ಎರಡು ದಿನ ಸಿಟ್ಟಿತ್ತು. ಆಮೇಲೆ ಸ್ಲೈಡುಗಳನ್ನು ತೆರೆದು ಕೂತೆ. ಅಜ್ಜನ ಕಾಲದಿಂದ ಕೊಳೆಗೆ ಫಸಲು ಕೊಟ್ಟವರೆದುರು ಕೊಳೆ ಅಂದರೇನು ಅಂತ ಇಪ್ಪತ್ತು ನಿಮಿಷ ಕೊರೆದಿದ್ದೆ. ಮದ್ದು ಹೊಡೆದರೂ ಅಡಿಕೆ ಯಾಕೆ ಉದುರುತ್ತದೆ ಅನ್ನುವುದಷ್ಟೇ ಅವರಿಗೆ ಬೇಕಿತ್ತು. ಅದು ನನ್ನ 41ನೇ ಸ್ಲೈಡಿನಲ್ಲಿತ್ತು.

ಮುಂದಿನ ಸಭೆಗೆ ಲ್ಯಾಪ್‌ಟಾಪ್ ಬಿಟ್ಟು ಎರಡು ಪ್ಲಾಸ್ಟಿಕ್ ಬಕೆಟ್ ಒಯ್ದೆ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಈ ಲೆಕ್ಕ ಅಲ್ಲಿ ಎಲ್ಲರಿಗೂ ಬಾಯಿಪಾಠ. ನಾನು 10 ಲೀಟರಿಗೆ 100 ಗ್ರಾಂ ಮೈಲುತುತ್ತ ಹಾಕಿ, ಬೇಕಂತಲೇ ಸುಣ್ಣವನ್ನು ಅರ್ಧಕ್ಕಿಂತ ಕಮ್ಮಿ ಮಾಡಿದೆ. ಸುಣ್ಣದ ನೀರಿಗೆ ತುತ್ತದ ನೀರು ಸುರಿದು, ಮನೆಯಿಂದ ತಂದ ಚಾಕು ಅದ್ದಿದೆ. ಸುಣ್ಣ ಸಾಲದಿದ್ದರೆ ಉಳಿದ ತಾಮ್ರ ಕಬ್ಬಿಣಕ್ಕೆ ಹತ್ತಿ ಅಲಗು ಕೆಂಪಾಗಬೇಕು. ಅಂಥ ದ್ರಾವಣ ಹೊಡೆದರೆ ಮಿಳ್ಳೆ, ಅಂದರೆ ಎಳೆ ಅಡಿಕೆಕಾಯಿ, ಸುಡುತ್ತದೆ.

ಒಂದು ನಿಮಿಷವಾಯಿತು. ಎರಡಾಯಿತು. ಚಾಕು ಫಳಫಳ ಹೊಳೆಯುತ್ತಲೇ ಇತ್ತು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ನನಗೆ ಬೆವರು.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಬಂದು, ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು ಕೈಗಿಟ್ಟರು. 'ನಿಮ್ಮದು ಸ್ಟೀಲು. ಇದನ್ನ ಅದ್ದಿ.'

ಅದ್ದಿ ತೆಗೆದರೆ ಕತ್ತಿಯ ಬಾಯಿ ಪೂರ್ತಿ ಹೊಸ ತಾಮ್ರದ ಚೊಂಬಿನ ಬಣ್ಣ. ಕುರ್ಚಿಗಳು ಕರ್ರೆಂದವು, ಸಭೆಯೇ ಎದ್ದು ಬಕೆಟ್ಟಿನ ಸುತ್ತ ನಿಂತಿತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನೂ ಬಂದು ಬಗ್ಗಿ ನೋಡಿದ. 'ಹಂಗಾರೆ ನಮ್ಮನೆ ಡ್ರಮ್ಮಲ್ಲೂ ಹಿಂಗೇ ಆಗಿರ್ತದ?' ಅಂತ ಒಬ್ಬರು ಕೇಳಿದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಗೋ ನುಂಗಿಕೊಂಡು ಕತ್ತಿಯ ಯಜಮಾನರ ಮುಖ ನೋಡಿದೆ. ಗಾಳಿ ತಾಗಿದ ಹಳೇ ಸುಣ್ಣಕ್ಕೆ ಬಲವಿರುವುದಿಲ್ಲ, ತೂಕ ಸರಿಯಿದ್ದರೂ ಸುಣ್ಣ ಸಾಲುವುದಿಲ್ಲ ಅಂತ ಅವರೇ ಹೇಳಿದರು, ನನಗಿಂತ ಚುಟುಕಾಗಿ. ಕತ್ತಿಯನ್ನು ಬೂದಿ ಹಾಕಿ ತಿಕ್ಕಿ, ಇನ್ನಷ್ಟು ಸುಣ್ಣದ ನೀರು ಬೆರೆಸಿ ಮತ್ತೆ ಅದ್ದಿದೆವು. ಈ ಸಲ ಬಣ್ಣ ಹಿಡಿಯಲಿಲ್ಲ. ಕೊನೆಗೌಡ ಮಾತ್ರ ಬಿಡಲಿಲ್ಲ: ಇವತ್ತು ಕಲಸಿದ್ದನ್ನು ನಾಳೆ ಹೊಡೆಯಬಹುದಾ? ಬೇಡ, ಅಂದೇ ಮುಗಿಸಬೇಕು ಅಂದೆ. ಇಡೀ ಮಧ್ಯಾಹ್ನದಲ್ಲಿ ನಾನು ಕೊಟ್ಟ ನೇರ ಉತ್ತರ ಅದೊಂದೇ.

ಈಗ ಕತ್ತಿಯನ್ನು ಸಭೆಯಲ್ಲೇ ಸಾಲ ಕೇಳುತ್ತೇನೆ. ಸ್ಟೀಲ್ ಚಾಕುವನ್ನೂ ಒಯ್ಯುತ್ತೇನೆ, ಮೊದಲು ಅದನ್ನೇ ಅದ್ದಿ ಸುಮ್ಮನೆ ನಿಲ್ಲುತ್ತೇನೆ. ವೇದಿಕೆಯ ಗಣ್ಯರ ಹೆಸರುಗಳನ್ನು ಕೊನೆಗೆ ತಳ್ಳಿದ್ದೇನೆ (ಒಬ್ಬ ಅಧ್ಯಕ್ಷರು ಇನ್ನೂ ಮುನಿಸು ಬಿಟ್ಟಿಲ್ಲ). ಶುರು ಮಾಡುವುದು ಕಳ್ಳರಿಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಯಂಚಿನ ದ್ರಾಕ್ಷಿಯನ್ನು ಯಾರೂ ಕೀಳದಿರಲಿ ಅಂತ ಬಳ್ಳಿಗೆ ತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳು ಬೂಜುರೋಗದಿಂದ ಪಾರಾದದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದ. ಅದೇ ಮದ್ದನ್ನು ನಮ್ಮ ಅಡಿಕೆಯ ಕೊಳೆಗೆ ಹೊಂದಿಸಿದವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆ ಕಳ್ಳತನ ಕಂಡ ಊರಿನಲ್ಲಿ ಈ ಕಥೆಗೆ ನಗದವರಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚಿನ ಒಂದು ಸಭೆಗೆ ಮೂವರು ತಂತಮ್ಮ ಮನೆಯ ಸುಣ್ಣವನ್ನು ಪೊಟ್ಟಣ ಕಟ್ಟಿಕೊಂಡು ಬಂದಿದ್ದರು. ಮೂರನ್ನೂ ಬೇರೆ ಬೇರೆ ಕಲಸಿ ಕತ್ತಿ ಅದ್ದಿದೆವು. ಎರಡು ಕೆಂಪಾದವು.