ಹಿತ್ತಾಳಿ ಕೊಡದ ಮೇಲಿನ ಹೆಸರು: ವಂಶಾವಳಿ ಕೆಲಸ, ಐದನೇ ತಿಂಗಳು

ಕಾರಹುಣ್ಣಿಮೆ ಮುಗಿದ ವಾರ

ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವ ಹೆಳವರು ಬಂದಿದ್ದರು. ಅಜ್ಜನ ಕಾಲಕ್ಕೆ ಎತ್ತಿನ ಮೇಲೆ ಬರುತ್ತಿದ್ದವರು ಈ ಸಲ ಮೋಟರ್ ಸೈಕಲ್ ಮೇಲೆ ಬಂದರು. ಕಟ್ಟೆಯ ಮೇಲೆ ಕೂತು ಹೊತ್ತಿಗೆ ಬಿಚ್ಚಿ, ಮೂಲಪುರುಷನಿಂದ ನಮ್ಮಪ್ಪನ ತನಕ ಓದುತ್ತ ಹೋದರು. ಯಾರು ಯಾವ ಊರು ಬಿಟ್ಟು ಬಂದರು, ಯಾರು ದತ್ತಕ ಹೋದರು, ಯಾರ ಕವಲು ಎಲ್ಲಿಗೆ ನಿಂತಿತು, ಎಲ್ಲಾ ಬಂತು. ಅವರ ಒಪ್ಪಿಗೆ ಕೇಳಿ ನಲವತ್ತು ನಿಮಿಷದ ಧ್ವನಿ ಮುದ್ರಿಸಿಕೊಂಡೆ. ಜೋಳ, ರೊಕ್ಕ, ಧೋತರ ಕೊಟ್ಟು ಕಳಿಸಿದೆವು. ಒಂಬತ್ತು ತಲೆಮಾರಿನ ಗಂಡಸರ ಸಾಲು ತುಂಬಿತು.

ಹೆಣ್ಣುಮಕ್ಕಳು? ನಮ್ಮ ಮನೆತನದ ಹಾಳೆಯಲ್ಲಿ ಹೆಂಡತಿಯರ ಮಾತು ಒಂದೇ ಕಡೆ ಬರುತ್ತದೆ. ನಮ್ಮಜ್ಜನ ಅಜ್ಜನಿಗೆ ಇಬ್ಬರು ಹೆಂಡಂದಿರು, ಆ ಕವಲು ಬಿಡಿಸಿ ಹೇಳಬೇಕಲ್ಲ, ಅದಕ್ಕಾಗಿ. ಅದೂ ಹೆಸರಲ್ಲ, ತವರೂರು ಮಾತ್ರ: ‘ಹಿರೇಕಿ ಅಮೀನಗಡದಾಕಿ, ಕಿರೇಕಿ ಕೆರೂರಾಕಿ.’ ನಾವು ಯಾರ ಹೊಟ್ಟೆಯಿಂದ ಬಂದವರು ಅನ್ನುವುದು ಅಲ್ಲೂ ಸ್ಪಷ್ಟವಿಲ್ಲ. ಈ ತಿಂಗಳುಗಳ ಕೆಲಸವೆಲ್ಲ ಇದರ ಸುತ್ತಲೇ ನಡೆದಿದೆ.

ಶ್ರಾವಣ

ಟ್ರಂಕಿನ ಕಾಗದಗಳು. ಒಟ್ಟು ಮೂವತ್ತೊಂದು: ಖರೀದಿಪತ್ರ, ಗಹಾಣಪತ್ರ (ಅಡವಿನ ಪತ್ರ), ವಾಟ್ನಿಪತ್ರ (ಆಸ್ತಿ ಪಾಲಿನ ಪತ್ರ), ಹೊಲದ ಉತಾರಗಳು. ಹಳೆಯವು ಮೋಡಿಯಲ್ಲಿವೆ, ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ ಅದು. ಮೊದಲು ಮೇಲೊಂದು ಉದ್ದ ಗೆರೆ ಎಳೆದು, ಅದಕ್ಕೆ ಅಕ್ಷರ ಜೋತುಬಿಟ್ಟು, ಲೇಖನಿ ಎತ್ತದೆ ಬರೆದ ಬರಹ. ಬೆಳಗಾವಿಯ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಕಾಗದ ಓದಿಕೊಟ್ಟರು. ಒಂದು ಗಹಾಣಪತ್ರದ ತಾರೀಖು ಇದ್ದ ಮೂಲೆಯೇ ಹರಿದುಹೋಗಿತ್ತು. ಆದರೆ ಒಳಗೆ ‘ಜಿಲ್ಹಾ ಕಲಾದಗಿ’ ಅಂತ ಇದೆ. ಕಲಾದಗಿ ಜಿಲ್ಲೆಯಾದದ್ದು 1864ರಲ್ಲಿ, ಕೇಂದ್ರ ವಿಜಾಪುರಕ್ಕೆ ಹೋದದ್ದು 1885ರಲ್ಲಿ. ಅಲ್ಲಿಗೆ ಕಾಗದದ ವಯಸ್ಸು ಸುಮಾರು ಇಪ್ಪತ್ತು ವರ್ಷದ ಅಂತರಕ್ಕೆ ಬಂತು. ಹಳೇ ಕಾಗದ ನೋಡುವವರು ತಾರೀಖಿಗಿಂತ ಮುಂಚೆ ಜಿಲ್ಲೆ, ತಾಲೂಕಿನ ಹೆಸರು ಓದಿರಿ.

ಒಂದು ನೋವಿನ ಸಂಗತಿಯನ್ನೂ ಇಲ್ಲಿ ದಾಖಲಿಸಬೇಕು. ಹಿಂದೆ ಮನೆಯಲ್ಲಿ ಯಾರೋ ವಾಟ್ನಿಪತ್ರವನ್ನು ‘ಗಟ್ಟಿ ಇರಲಿ’ ಅಂತ ಲ್ಯಾಮಿನೇಶನ್ ಮಾಡಿಸಿದ್ದರು. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಇನ್ನು ಬಿಡಿಸಲಾಗುವುದಿಲ್ಲ, ಒಳಗೆ ಕಾಗದ ಕಂದುಗಟ್ಟುತ್ತಿದೆ. ಕೈ ಮುಗಿದು ಹೇಳುತ್ತೇನೆ, ಲ್ಯಾಮಿನೇಶನ್ ಬೇಡ, ಸೆಲೋಟೇಪ್ ಬೇಡ. ಉಳಿದ ಮೂವತ್ತನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಒಂದು ಪ್ರತಿ ನನ್ನ ಹತ್ತಿರ, ಇನ್ನೊಂದು ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. ಮೂಲ ಕಾಗದಗಳು ಒಗೆದ ಹತ್ತಿಬಟ್ಟೆಯಲ್ಲಿವೆ. ಹುಳಕ್ಕೆ ಬಜೆಬೇರು, ಅದೂ ಬೇರೆ ಚೀಲದಲ್ಲಿ, ಕಾಗದಕ್ಕೆ ತಾಗದಂತೆ.

ಇಷ್ಟು ಕಾಗದದಲ್ಲಿ ಹೆಣ್ಣಿನ ಹೆಸರು ಎರಡೇ ಎರಡು. ಇಬ್ಬರೂ ವಿಧವೆಯರು, ಹೆಬ್ಬೆಟ್ಟು ಒತ್ತಿದವರು. ಇಬ್ಬರೂ ನಮ್ಮ ಕವಲಿನವರಲ್ಲ.

ಮಹಾನವಮಿ

ಕಾಗದ ಬಿಟ್ಟು ಭಾಂಡೆಗಳ, ಅಂದರೆ ಪಾತ್ರೆಗಳ ಕಡೆ ತಿರುಗಿದೆ. ಘಟಪ್ರಭಾ ದಂಡೆಯ ನಮ್ಮ ಹಳೇಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಕಂಬ, ತೊಲೆ ಎಲ್ಲ ಮಾರಾಟವಾದವು. ಹಿತ್ತಾಳಿ ತಾಮ್ರ ಮಾತ್ರ ಪುನರ್ವಸತಿ ಕೇಂದ್ರದ ಮನೆಗೆ ಬಂದು ಅಟ್ಟ ಸೇರಿದವು. ಮದುವೆಗೆ ಕೊಡುವ ಭಾಂಡೆಗೆ ಹೆಸರು ಹಾಕಿಸುವ ಪದ್ಧತಿ ನಮ್ಮ ಕಡೆ ಎಲ್ಲರಿಗೂ ಗೊತ್ತು, ನಾನೇ ಅದನ್ನು ದಾಖಲೆ ಅಂತ ನೋಡಿರಲಿಲ್ಲ. ನಲವತ್ತೇಳು ಪಾತ್ರೆ ಇಳಿಸಿದೆವು, ಇಪ್ಪತ್ತೆರಡರ ಮೇಲೆ ಅಕ್ಷರ ಸಿಕ್ಕಿತು. ಎಷ್ಟೋ ವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕಿ ಅಕ್ಷರದ ಚುಕ್ಕೆಗಳೆಲ್ಲ ಸವೆದಿವೆ. ನುಣುಪಾದ ಜೋಳದ ಹಿಟ್ಟು ಸವರಿ, ಒರೆಸಿ, ಕತ್ತಲ ಕೋಣೆಯಲ್ಲಿ ಬದಿಯಿಂದ ಟಾರ್ಚ್ ಹಿಡಿದರೆ ಅಕ್ಷರ ಎದ್ದು ನಿಲ್ಲುತ್ತವೆ.

ಹತ್ತೊಂಬತ್ತನೆಯದು ಒಂದು ಕೊಡ, ಕಂಠದ ಕೆಳಗೆ ಒಂದು ಹೆಣ್ಣಿನ ಹೆಸರು, ‘ಅಮೀನಗಡ’, ‘ಪಾರ್ಥಿವ ಸಂ॥ ವೈಶಾಖ’. ಎದೆ ಡವಡವ ಅಂದಿತು. (ಹಿರಿಯರ ಒಪ್ಪಿಗೆ ಆಗುವ ತನಕ ಹೆಸರು ಇಲ್ಲಿ ಹಾಕುವುದಿಲ್ಲ.) ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, ಪಾರ್ಥಿವ ಅಂದರೆ 1885 ಇಲ್ಲವೇ 1945. ಹಿರೇಕಿಯದೇ ಆಗಿದ್ದರೆ 1945 ಆಗುವುದು ಸಾಧ್ಯವಿಲ್ಲ, ಅಜ್ಜನ ಅಪ್ಪನನ್ನು ಶಾಲೆಗೆ ಹಾಕಿದ್ದೇ 1898ರಲ್ಲಿ, ರಜಿಸ್ಟರಿನಲ್ಲಿದೆ. ಆದರೆ ಆ ರಜಿಸ್ಟರಿನಲ್ಲಿ ತಂದೆಯ ಹೆಸರಷ್ಟೇ. ಕೊಡ ವಾಟ್ನಿಯಲ್ಲಿ ನಮಗೆ ಬಂದಿರಲೂಬಹುದು. ಹಾಗಾಗಿ ಪೆನ್ಸಿಲಿನಲ್ಲಿ ಬರೆದಿಟ್ಟೆ.

ದೀಪಾವಳಿ ಮುಗಿದ ಮೇಲೆ

ಸೋದರತ್ತೆಗೆ ಎಂಬತ್ತಾರು ವರ್ಷ. ಕೊಡದ ಫೋಟೊ ತೋರಿಸಿದರೆ ಕಣ್ಣು ಕಾಣಲಿಲ್ಲ, ಊರಿನ ಹೆಸರು ಹೇಳಿದ್ದೇ ತಡ, ‘ನಮ್ಮಮ್ಮ ಆಕಿ ಅತ್ತೀ ಒಡಪು ಹೇಳತಿದ್ಲಲ್ಲ’ ಅಂದಳು. ಅಮ್ಮ ಅಂದರೆ ಆಕೆಯ ಅಜ್ಜಿ, ಅಂದರೆ ಶಾಲೆಗೆ ಹೋದ ಆ ಹುಡುಗನ ಹೆಂಡತಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಣ್ಣುಮಕ್ಕಳು ಮದುವೆಯಲ್ಲಿ, ಕುಬಸದಲ್ಲಿ (ಸೀಮಂತದಲ್ಲಿ) ಒಡಪಿನೊಳಗಿಟ್ಟು ಹೇಳುತ್ತಿದ್ದರು. ಅತ್ತಿ ತಡವರಿಸದೆ ಹೇಳಿದಳು: ಮೊದಲ ಸಾಲಿನಲ್ಲಿ ಅಮೀನಗಡದ ಸಂತಿ, ಕೊನೆಯ ಸಾಲಿನಲ್ಲಿ ಗಂಡನ ಹೆಸರು. ಹೆಳವರು ಓದಿದ ಅದೇ ಹೆಸರು. ಮೂರು ಸಲ ಹೇಳಿಸಿ ಮುದ್ರಿಸಿಕೊಂಡೆ.

ಅಂದರೆ ಆ ಹುಡುಗನ ತಾಯಿ ಅಮೀನಗಡದಾಕಿಯೇ. ಪೆನ್ಸಿಲಿನ ಗೆರೆಯ ಮೇಲೆ ಶಾಯಿ ಹಾಕಿದೆ. ನಾವು ಹಿರೇಕಿಯ ಮಕ್ಕಳು.

ಕೆರೂರಾಕಿಯ ಹೆಸರು ಇನ್ನೂ ಸಿಕ್ಕಿಲ್ಲ. ಆಕೆಯ ಕವಲಿನ ಒಂದು ಮನೆ ಗುಳೇದಗುಡ್ಡದಲ್ಲಿದೆ ಅಂತ ಅತ್ತಿಯೇ ಹೇಳಿದಳು. ಬರುವ ಭಾನುವಾರ ಹೋಗುತ್ತಿದ್ದೇನೆ, ಹಿಟ್ಟಿನ ಡಬ್ಬಿ, ಟಾರ್ಚ್ ಎರಡೂ ಚೀಲಕ್ಕೆ ಹಾಕಿಟ್ಟಿದ್ದೇನೆ.